ಬಂಪರ್‌ಗೆ ಬರೀ ಗೀರು, ಕುತ್ತಿಗೆ ಮಾತ್ರ ತಿರುಗ್ತಿಲ್ಲ

ಬೆಂಗಳೂರಿನ ಓದುಗರೊಬ್ಬರು ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡು ಬರೆದಿದ್ದಾರೆ. ಹೆಬ್ಬಾಳ ಫ್ಲೈಓವರ್ ಹತ್ರ ಟ್ರಾಫಿಕ್‌ನಲ್ಲಿ ನಿಂತಿದ್ದ ಇವರ ಕಾರಿಗೆ ಹಿಂದಿನಿಂದ ಒಂದು ಕ್ಯಾಬ್ ಗುದ್ದಿದೆ, ಸ್ಪೀಡೇನೂ ಇರ್ಲಿಲ್ಲ, ಬಂಪರ್ ಮೇಲೆ ಗೀರು ಅಷ್ಟೇ. ಡ್ರೈವರ್ ಕೈ ಮುಗಿದು ಎರಡು ಸಾವಿರ ಕೊಟ್ಟ, ಇವರು ತಗೊಂಡು ಮನೆಗೆ ಹೋದ್ರು. ಮಾರನೇ ದಿನ ಕುತ್ತಿಗೆ ಹಿಡ್ಕೊಂಡಿದೆ, ಎಕ್ಸ್‌ರೇ ನಾರ್ಮಲ್, ಮೂರು ವಾರ ಆದ್ರೂ ನೋವು ಹೋಗಿಲ್ಲ. ಯಜಮಾನ್ರು "ಇಷ್ಟಕ್ಕೆಲ್ಲ ಕ್ಲೈಮ್ ಯಾರು ಕೊಡ್ತಾರೆ, ನಮ್ಮ ಎನ್‌ಸಿಬಿ (ಕ್ಲೈಮ್ ಮಾಡದೇ ಇದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ) ಹೋಗುತ್ತೆ ಅಷ್ಟೇ" ಅಂತಾರೆ, ಪರಿಚಯದೋರೊಬ್ರು "ಲಕ್ಷಗಟ್ಟಲೆ ಕೊಡಿಸ್ತೀನಿ" ಅಂತಾರಂತೆ.

ಮೇಡಂ, ಮೊದಲು ನೋವಿನ ವಿಷ್ಯ. ಹಿಂದಿನಿಂದ ಗುದ್ದಿದಾಗ ಸೀಟು ಬೆನ್ನನ್ನ ಮುಂದಕ್ಕೆ ತಳ್ಳುತ್ತೆ, ತಲೆ ಇದ್ದಲ್ಲೇ ಉಳಿಯುತ್ತೆ, ಕಣ್ಣು ಮಿಟುಕಿಸೋ ಅಷ್ಟರಲ್ಲಿ ಕುತ್ತಿಗೆಯ ಕೆಳಭಾಗ ಒಂದು ಕಡೆ ಮೇಲ್ಭಾಗ ಇನ್ನೊಂದು ಕಡೆ ಬಾಗಿಬಿಡುತ್ತೆ, ಸ್ನಾಯುಗಳು ಬಿಗಿಯಾಗೋಕೂ ಟೈಮ್ ಸಿಗಲ್ಲ. ಇದಕ್ಕೇ ವಿಪ್‌ಲ್ಯಾಶ್ ಅನ್ನೋದು. ಎಕ್ಸ್‌ರೇಲಿ ಮೂಳೆ ಕಾಣುತ್ತೆ, ಎಳೆದುಕೊಂಡಿರೋ ಸ್ನಾಯು ಕಾಣಲ್ಲ, ನೋವೂ ಒಂದೆರಡು ದಿನ ಬಿಟ್ಟು ಶುರುವಾಗೋದು ಮಾಮೂಲು. ಸಣ್ಣ ಗುದ್ದಿಗೆ ಬಂಪರ್ ಒಳಗೆ ಹೋಗಿ ವಾಪಸ್ ಬರಬಹುದು, ಹಾಗಾಗಿ ಬಂಪರ್ ನೋಡಿ ನಿಮ್ಮ ಕುತ್ತಿಗೆಯ ಸ್ಥಿತಿ ಯಾರೂ ಹೇಳೋಕಾಗಲ್ಲ. ಹೆಚ್ಚಿನೋರಿಗೆ ಕೆಲವು ವಾರದಿಂದ ಕೆಲವು ತಿಂಗಳೊಳಗೆ ಕಮ್ಮಿಯಾಗುತ್ತೆ. ಕಾಲರ್ ಹಾಕ್ಕೊಂಡು ಅಲ್ಲಾಡದೆ ಕೂರೋದಕ್ಕಿಂತ ಡಾಕ್ಟರ್ ಹೇಳಿದ ಹಾಗೆ ಕುತ್ತಿಗೆ ಆಡಿಸ್ತಾ ಇರೋದು ಒಳ್ಳೇದು. ಆದ್ರೆ ಕೈ ಜೋಮು ಹಿಡಿಯೋದು, ಹಿಡಿತ ಸೋಲೋದು ಇದ್ರೆ ಈ ಉತ್ತರ ಪೂರ್ತಿ ಓದೋದು ಆಮೇಲಿರಲಿ, ಆಸ್ಪತ್ರೆಗೆ ಹೋಗಿ.

ಎನ್‌ಸಿಬಿ ಬಗ್ಗೆ ಯಜಮಾನ್ರು ಹೇಳ್ತಿರೋದು ಈ ಕೇಸಿಗೆ ಅನ್ವಯಿಸಲ್ಲ. ಅದು ಹೋಗೋದು ನಿಮ್ಮ ಕಾರಿನ ರಿಪೇರಿಗೆ ನಿಮ್ಮದೇ ಪಾಲಿಸೀಲಿ ಕ್ಲೈಮ್ ಮಾಡಿದ್ರೆ. ಗಾಯದ ಪರಿಹಾರ ಕೇಳೋದು ಕ್ಯಾಬ್‌ನ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಿಂದ, ಅದು ನಿಮ್ಮ ಪಾಲಿಸಿಯನ್ನ ಮುಟ್ಟೋದೇ ಇಲ್ಲ. ನಂಬರ್ ಪ್ಲೇಟ್ ಫೋಟೋ ಇದ್ರೆ ಎಂಪರಿವಾಹನ್ ಆ್ಯಪ್‌ನಲ್ಲಿ ಅದರ ಇನ್ಶೂರೆನ್ಸ್ ಚಾಲ್ತೀಲಿದೆಯಾ ನೋಡಬಹುದು.

ನಿಮ್ಮ ಕೇಸಲ್ಲಿ ಕಷ್ಟ ಆಗೋದು ದಾಖಲೆ. ಎಕ್ಸ್‌ರೇ ತೆಗೆಸಿದ ದಿನ ಡಾಕ್ಟರ್‌ಗೆ "ಆ್ಯಕ್ಸಿಡೆಂಟ್ ಆಯ್ತು" ಅಂದ್ರಾ ಬರೀ "ಕುತ್ತಿಗೆ ನೋವು" ಅಂದ್ರಾ? ಆ ಚೀಟೀಲಿ ಆ್ಯಕ್ಸಿಡೆಂಟ್ ಅಂತ ಇಲ್ದಿದ್ರೆ ನಾಳೆ ಇನ್ಶೂರೆನ್ಸ್ ಕಂಪನಿ ವಕೀಲರು ಹಿಡಿಯೋದೇ ಅದನ್ನ, ರಾತ್ರಿ ದಿಂಬು ಸರಿಯಿಲ್ದೆ ಬಂದ ನೋವು ಅಂತಾರೆ. ಹಾಗಾಗಿ ಈಗಲೇ ಅದೇ ಡಾಕ್ಟರ್ ಹತ್ರ ಹೋಗಿ ನಡೆದಿದ್ದು ನಡೆದ ಹಾಗೆ ಹೇಳಿ ಬರೆಸಿ, ಟ್ರಾಫಿಕ್ ಪೊಲೀಸ್ ಸ್ಟೇಷನ್‌ನಲ್ಲಿ ಕಂಪ್ಲೇಂಟ್ ಕೊಡಿ, ತಡ ಯಾಕಾಯ್ತು ಅಂತಾನೂ ಅದರಲ್ಲೇ ಬರೀರಿ. ಎಫ್‌ಐಆರ್ ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ಸಾವಿರ ತಗೊಂಡಿದ್ದನ್ನ ಮುಚ್ಚಿಡ್ಬೇಡಿ, ಬಂಪರ್‌ಗೆ ಅಂತ ತಗೊಂಡಿದ್ದು ಅಂತ ವಕೀಲರಿಗೆ ಹೇಳಿ. ಡ್ರೈವರ್ ಮೇಲೆ ಕೇಸ್ ಆಗುತ್ತೆ, ಅದು ನಿಜ, ಆ ಸಂಕಟ ನನಗೂ ಅರ್ಥ ಆಗುತ್ತೆ, ಆದ್ರೆ ಪಾಲಿಸಿ ಸರಿ ಇದ್ರೆ ಪರಿಹಾರದ ದುಡ್ಡು ಅವನ ಜೇಬಿಂದ ಹೋಗಲ್ಲ.

ಇನ್ನು ಲಕ್ಷಗಟ್ಟಲೆ ಮಾತು. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್‌ನಲ್ಲಿ ತಪ್ಪು ಯಾರದ್ದು ಅಂತ ಸಾಬೀತು ಮಾಡದೇನೇ ತೀವ್ರ ಗಾಯಕ್ಕೆ 2.5 ಲಕ್ಷ ಇದೆ. ಭಾರತೀಯ ನ್ಯಾಯ ಸಂಹಿತೆ ಪ್ರಕಾರ 15 ದಿನ ವಿಪರೀತ ನೋವಲ್ಲಿ ನರಳಿದ್ರೂ, ದಿನನಿತ್ಯದ ಕೆಲಸ ಮಾಡ್ಕೊಳ್ಳೋಕಾಗದೆ ಇದ್ರೂ ಅದು ತೀವ್ರ ಗಾಯವೇ. ಇದನ್ನ ಇಟ್ಕೊಂಡೇ ಕೆಲವರು ವೂಂಡ್ ಸರ್ಟಿಫಿಕೇಟ್ (ಗಾಯ ಎಂಥದ್ದು ಅಂತ ಡಾಕ್ಟರ್ ಬರೆದುಕೊಡೋ ಪತ್ರ) ಬದಲಾಯಿಸೋ ಆಸೆ ತೋರಿಸ್ತಾರೆ. ದಯವಿಟ್ಟು ಅಂಥೋರ ಹತ್ರ ಹೋಗ್ಬೇಡಿ. ನೀವು ಆಫೀಸಿಗೆ ಹೋಗ್ತಿದೀನಿ, ಸಂಜೆ ಹೊತ್ತಿಗೆ ನೋವು ಜಾಸ್ತಿ ಅಂತ ಬರೆದಿದೀರಿ, ಅಂದ್ರೆ ನಿಮ್ಮದು 166ನೇ ಸೆಕ್ಷನ್ ದಾರಿ, ತಪ್ಪು ಕ್ಯಾಬ್‌ನೋರದ್ದು ಅಂತ ತೋರಿಸಿ ನಿಜವಾಗಿ ಆದ ನಷ್ಟ ಕೇಳೋದು: ಆಸ್ಪತ್ರೆ ಬಿಲ್ಲು, ಫಿಸಿಯೋಥೆರಪಿ ಖರ್ಚು, ರಜೆ ಹಾಕಿ ಕಳ್ಕೊಂಡ ಸಂಬಳ, ನೋವಿಗೆ ಒಂದಿಷ್ಟು. ಇದು ದೊಡ್ಡ ಮೊತ್ತ ಆಗಲ್ಲ, ಆದ್ರೆ ನ್ಯಾಯವಾಗಿ ನಿಮ್ಮದು. ಇಂಥ ಎಂವಿಸಿ ಕೇಸುಗಳು, ಅಂದ್ರೆ ವಾಹನ ಅಪಘಾತದ ಪರಿಹಾರದ ಕೇಸುಗಳು, ಎಷ್ಟೋ ಲೋಕ ಅದಾಲತ್‌ನಲ್ಲೇ ರಾಜಿ ಆಗ್ತವೆ.

2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿ ಪ್ರಕಾರ ಆ್ಯಕ್ಸಿಡೆಂಟ್ ಆದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕ್ಬೇಕು, ಅದರಲ್ಲಿ ಮೂರು ವಾರ ಕಳೆದಿದೆ. ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿ, ನಾಳೆನೇ ಡಾಕ್ಟರ್ ಹತ್ರ ಹೋಗಿ ಬನ್ನಿ.