60 ಜನರಿಗೆ ಮಟನ್ ಸಾರು: ಮನೆಯ ಅಳತೆಯನ್ನು ಹತ್ತರಿಂದ ಗುಣಿಸಿದರೆ ಸಾಕಾ?

60 ಜನರಿಗೆ ಮಟನ್ ಸಾರು ಮಾಡಬೇಕು, ಮನೆಯ ಅಳತೆಯನ್ನೇ ಹತ್ತರಿಂದ ಗುಣಿಸಿದರೆ ಸಾಕಾ ಎಂದು ಕೇಳಿದ್ದೀರಿ. ಗುಣಿಸಬೇಡಿ. ಅದರಲ್ಲೂ ನೀರನ್ನು ಗುಣಿಸಲೇಬೇಡಿ.

ನಮ್ಮದು ತೀರ್ಥಹಳ್ಳಿ ಕಡೆ. ಗದ್ದೆ ನೆಟ್ಟಿ ಮುಗಿದ ದಿನ ನೆಟ್ಟವರಿಗೂ ಅಕ್ಕಪಕ್ಕದ ಮನೆಯವರಿಗೂ ಕಡುಬು, ಸಾರಿನ ಊಟ. ಆ ವರ್ಷ ಅಮ್ಮನಿಗೆ ಹುಷಾರಿರಲಿಲ್ಲ, ಸಾರು ನನ್ನ ಪಾಲಿಗೆ ಬಂತು. ಪುಷ್ಯ ಮಳೆ ಬಿಡದೆ ಸುರಿಯುತ್ತಿತ್ತು. ಕೊಟ್ಟಿಗೆ ಪಕ್ಕದ ತಗಡಿನ ಮಾಡಿನ ಕೆಳಗೆ ಕಲ್ಲಿಟ್ಟು ಒಲೆ ಹೂಡಿದೆವು. ಮನೆಯಲ್ಲಿ ಕೆಜಿ ಮಟನ್‌ಗೆ 2 ಲೀಟರ್ ನೀರು ಹಾಕುತ್ತಿದ್ದೆವು. 10 ಕೆಜಿಗೆ 20 ಲೀಟರ್ ಸುರಿದೆ.

ಎಡವಟ್ಟಾಗಿದ್ದು ಇಲ್ಲೇ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನೀರು ಆವಿಯಾಗುವುದು ಪಾತ್ರೆಯ ಬಾಯಿಂದ. ಅದೇ ಆಕಾರದ ಪಾತ್ರೆ ಹತ್ತು ಪಟ್ಟು ಹಿಡಿಸುವಷ್ಟು ದೊಡ್ಡದಾದರೂ ಬಾಯಿ ಹತ್ತು ಪಟ್ಟು ಅಗಲವಾಗುವುದಿಲ್ಲ. ಅದರ ವಿಸ್ತಾರ ನಾಲ್ಕೂವರೆ ಪಟ್ಟು ಆಗಬಹುದು, ಅಷ್ಟೇ. ಹಾಗಾಗಿ ಮನೆಯ ತಪ್ಪಲೆಯಲ್ಲಿ ಬೇಗ ಬತ್ತುವ ಸಾರು ಇಲ್ಲಿ ಅಷ್ಟು ಬೇಗ ಬತ್ತುವುದಿಲ್ಲ. ಮಟನ್ ಬಿಡುವ ನೀರು ಬೇರೆ, ಈರುಳ್ಳಿ, ಮೂಲಂಗಿ ಬಿಡುವ ನೀರು ಬೇರೆ. ನಮ್ಮದು ಸೌದೆಯೂ ಹಸಿ, ಉರಿ ಏಳಲೇ ಇಲ್ಲ. ಬತ್ತಲಿ ಎಂದು ಇನ್ನೊಂದು ಗಂಟೆ ಕುದಿಸಿದೆ. ಆಲೂಗಡ್ಡೆ ಕರಗಿ ಸಾರು ಗಂಜಿಯ ಹಾಗಾಯಿತು. ಮಾಂಸ ಮೂಳೆ ಬಿಟ್ಟು ಎಳೆ ಎಳೆಯಾಯಿತು. ಮಸಾಲೆಯ ಘಮ ಹಾರಿಹೋಯಿತು. ಬೆಳಿಗ್ಗೆಯಿಂದ ಕೆಸರಲ್ಲಿ ಬಗ್ಗಿ ಸಸಿ ನೆಟ್ಟವರು ಹಸಿದು ಕಾದು ಕೂತರು. ಯಾರೂ ಏನೂ ಅನ್ನಲಿಲ್ಲ. ಆದರೆ ಎರಡನೇ ಸಲ ಸಾರು ಕೇಳಿದವರೂ ಇಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಈಗ ಹೀಗೆ ಮಾಡುತ್ತೇನೆ. ಮೂಳೆ ಸೇರಿ ತಲೆಗೆ 180 ಗ್ರಾಂ ಮಟನ್ ಸಾಕು, ನಿಮಗೆ 11 ಕೆಜಿ ಆಗುತ್ತದೆ. ಈರುಳ್ಳಿ ಬಾಡಿಸಿ, ಮಟನ್, ಅರಿಶಿನ, ಅರ್ಧ ಉಪ್ಪು ಹಾಕಿ ಮುಚ್ಚಿಡಿ. ಅದರದೇ ನೀರು ಬಿಡಲಿ. ಆಮೇಲೆ ಮಾಂಸ ಮುಳುಗುವಷ್ಟು ಮಾತ್ರ ಬಿಸಿನೀರು. ಪಕ್ಕದಲ್ಲಿ ಇನ್ನೊಂದು ಪಾತ್ರೆಯಲ್ಲಿ ಬಿಸಿನೀರು ಕಾಯುತ್ತಲೇ ಇರಲಿ. ಗಟ್ಟಿಯಾದರೆ ಸೇರಿಸಬಹುದು, ತೆಳುವಾದರೆ ತೆಗೆಯಲು ಆಗುವುದಿಲ್ಲ, ಅಲ್ವಾ? ಮಾಂಸ ಮುಕ್ಕಾಲು ಬೆಂದ ಮೇಲೆ ರುಬ್ಬಿದ ಮಸಾಲೆ ಮತ್ತು ಮೂಲಂಗಿ. ಕುದಿ ಬಂದ ಮೇಲೆ ಆಲೂಗಡ್ಡೆ, ದೊಡ್ಡ ಹೋಳುಗಳಾಗಿ. ಬದನೆ ಹಾಕುವುದಿದ್ದರೆ ಕೊನೆಗೆ. ಕಾಯಿ ರುಬ್ಬಿದ್ದನ್ನು ಎಲ್ಲ ಆದ ಮೇಲೆ ಹಾಕಿ, ಒಂದು ಕುದಿ ಸಾಕು. ಬ್ಯಾಡಗಿ ಬಣ್ಣಕ್ಕೆ, ಖಾರಕ್ಕೆ ನಮ್ಮ ಕಾಳುಮೆಣಸು. ಮಳೆಗಾಲದಲ್ಲಿ ಅದಿಲ್ಲದ ಸಾರು ನನಗಂತೂ ಸಪ್ಪೆ. ಕಾಳುಮೆಣಸು, ಲವಂಗ, ಚಕ್ಕೆಯನ್ನೂ ಹತ್ತು ಪಟ್ಟು ಮಾಡಬೇಡಿ. ಏಳು ಪಟ್ಟು ಹಾಕಿ, ರುಚಿ ನೋಡಿ, ಬೇಕಾದರೆ ಹುರಿದು ಪುಡಿ ಮಾಡಿದ್ದನ್ನು ಸೇರಿಸಿ.

ಆಲೂಗಡ್ಡೆಗೆ ಚಾಕು ಚುಚ್ಚಿದಾಗ ನಡುವೆ ಸ್ವಲ್ಪ ಗಟ್ಟಿ ಇರುವಾಗಲೇ ಸೌದೆ ಹೊರಗೆಳೆಯಿರಿ. ಅಷ್ಟು ದೊಡ್ಡ ತಪ್ಪಲೆ ಬೆಂಕಿ ಇಲ್ಲದಿದ್ದರೂ ತುಂಬಾ ಹೊತ್ತು ತನ್ನ ಬಿಸಿಯಲ್ಲೇ ಬೇಯಿಸುತ್ತದೆ.

ಅಡುಗೆಯವರನ್ನು ಕರೆಸಲಾ ಎಂದೂ ಕೇಳಿದ್ದೀರಿ. ಬೇಡ. ನೆಂಟರಲ್ಲಿ ಇಬ್ಬರನ್ನು ಸೌದೆಗೆ, ಸೌಟಿಗೆ ನಿಲ್ಲಿಸಿಕೊಳ್ಳಿ. ಸೌದೆಯನ್ನು ಮಾತ್ರ ಇವತ್ತೇ ಅಟ್ಟಕ್ಕೆ ಹಾಕಿ ಒಣಗಿಸಿ.