ಓದುಗರ ಪ್ರಶ್ನೆ: ಕಬ್ಬಿಣ ಬೇಡದ ಯುದ್ಧನೌಕೆ

ಪ್ರಶ್ನೆ: ನೌಕಾಪಡೆಯಲ್ಲಿ ಮಲ್ಪೆ, ಮುಲ್ಕಿ ಹೆಸರಿನ ಮೈನ್‌ಸ್ವೀಪರ್‌ಗಳಿದ್ದವಂತೆ, ಅವುಗಳ ಒಡಲು ಫೈಬರ್‌ನದಂತೆ. ಯುದ್ಧದ ಹಡಗಿಗೆ ಕಬ್ಬಿಣ ಬೇಡವೇ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಮೈನ್‌ಸ್ವೀಪರ್ ಎಂದರೆ ನೀರಿನಲ್ಲಿ ಹುದುಗಿಸಿಟ್ಟ ಸ್ಫೋಟಕಗಳನ್ನು, ಅಂದರೆ ಮೈನ್‌ಗಳನ್ನು, ತೆರವು ಮಾಡುವ ಹಡಗು. ಈ ಕೆಲಸಕ್ಕೆ ಕಬ್ಬಿಣವೇ ಶತ್ರು. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಮಾಹೆ ವರ್ಗದ ಆರು ಹಡಗುಗಳಲ್ಲಿ ಇವೆರಡೂ ಇದ್ದವು. ಉದ್ದ ಸುಮಾರು 25 ಮೀಟರ್, ತೂಕ ಸುಮಾರು 90 ಟನ್. ಬಂದರಿನ ಬಾಯಿ, ದಡದಂಚಿನ ನೀರು ಇವುಗಳ ಕಾರ್ಯಕ್ಷೇತ್ರ. ಸಮುದ್ರದ ತಳದಲ್ಲಿ ಕೂತ ಮ್ಯಾಗ್ನೆಟಿಕ್ ಮೈನ್‌ಗೆ ಹಡಗು ತಾಗಲೇಬೇಕೆಂದಿಲ್ಲ; ಮೇಲೆ ಕಬ್ಬಿಣದ ರಾಶಿ ಹಾದಾಗ ಅಲ್ಲಿನ ಕಾಂತಕ್ಷೇತ್ರದಲ್ಲಾಗುವ ಬದಲಾವಣೆ ಸಾಕು, ಸಿಡಿಯುತ್ತದೆ. ಹಾಗಾಗಿ ಇಂಥ ಹಡಗುಗಳ ಒಡಲು ಮರ ಅಥವಾ ಫೈಬರ್‌ಗ್ಲಾಸ್. ಯಂತ್ರಭಾಗಗಳು ಆದಷ್ಟೂ ಅಲ್ಯುಮಿನಿಯಂ, ಕಂಚು, ಮ್ಯಾಗ್ನೆಟ್ ಹಿಡಿಯದ ಸ್ಟೀಲು.

ಆದರೂ ಒಂದಿಷ್ಟು ಕಬ್ಬಿಣ ಉಳಿದೇ ಉಳಿಯುತ್ತದೆ. ಅದಕ್ಕೆ ಡಿಗಾಸಿಂಗ್: ಉದ್ದಕ್ಕೆ, ಅಡ್ಡಕ್ಕೆ, ಮಟ್ಟಸಕ್ಕೆ ಸುತ್ತಿದ ಕಾಯಿಲ್‌ಗಳಲ್ಲಿ ಡಿ.ಸಿ. ಕರೆಂಟ್ ಹರಿಸಿ ಎದುರು ಕಾಂತಕ್ಷೇತ್ರ ಎಬ್ಬಿಸಿ, ಹಡಗಿನದನ್ನು ಅಳಿಸುವುದು. ಹಡಗು ದಿಕ್ಕು ತಿರುಗಿಸಿದರೆ ಕರೆಂಟನ್ನೂ ಬದಲಿಸಬೇಕು. ಇದು ಹದಗೆಡುವುದು ಸಣ್ಣಪುಟ್ಟದ್ದರಿಂದಲೇ: ರಿಪೇರಿಯಲ್ಲಿ ಹಾಕಿದ ಸಾದಾ ಬೋಲ್ಟು, ಜಾಗ ಬದಲಿಸಿದ ಟೂಲ್ ಪೆಟ್ಟಿಗೆ, ಅಡುಗೆಕೋಣೆಯ ತಗಡಿನ ಡಬ್ಬಿಗಳು. ರಿಪೇರಿಯಾದ ಮೇಲೆ ನೀರಿನಡಿ ಸೆನ್ಸರ್ ಇಟ್ಟ ಜಾಗದ ಮೇಲೆ ಹಾಯಿಸಿ, ಅಳೆದು, ಕರೆಂಟ್ ಸರಿಪಡಿಸಿದ ಮೇಲಷ್ಟೇ ಕೆಲಸಕ್ಕೆ ಬಿಡುತ್ತಾರೆ.

ಪ್ರಶ್ನೆ: ಮೈನ್ ಸಿಡಿಸಲು ಸಮುದ್ರಕ್ಕೇ ಕರೆಂಟ್ ಬಿಡುತ್ತಾರಂತೆ, ನಿಜವೇ? ನಮ್ಮ ಸೂಳೆಕೆರೆಯಲ್ಲಿ ಅದು ನಡೆದೀತೇ?
– ಮೋಟಾರ್ ವೈಂಡಿಂಗ್ ಮಾಡುವವರು, ದಾವಣಗೆರೆ

ಉತ್ತರ: ನಿಜ. ಹಡಗಿನ ಹಿಂದೆ ಒಂದು ಗಿಡ್ಡ, ಒಂದು ಉದ್ದ, ಹೀಗೆ ಎರಡು ತೇಲುವ ಕೇಬಲ್. ತುದಿಗಳಲ್ಲಿ ಇನ್ಸುಲೇಶನ್ ಇಲ್ಲದ ಎಲೆಕ್ಟ್ರೋಡ್. ನಡುವಿನ ಉಪ್ಪುನೀರೇ ಸರ್ಕ್ಯೂಟ್ ಪೂರ್ತಿ ಮಾಡುತ್ತದೆ. ಈ ಕರೆಂಟ್ ಎಬ್ಬಿಸುವ ಕಾಂತಕ್ಷೇತ್ರವನ್ನು ಹಡಗೆಂದು ತಿಳಿದು ಮೈನ್ ಸಿಡಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಎರಡು ಹಡಗು ಜೋಡಿಯಾಗಿ ಓಡಿಸಿ ಸುಮಾರು 3,000 ಆಂಪಿಯರ್‌ನ ಹೊಡೆತಗಳನ್ನು ಕೊಡುತ್ತಿದ್ದರು. ಎರಡೂ ಒಂದೇ ಕ್ಷಣಕ್ಕೆ ಕೊಡಬೇಕು, ತಪ್ಪಿದರೆ ನಡುವಿನ ಪಟ್ಟೆಯಲ್ಲಿ ಮೈನ್ ಉಳಿದುಬಿಡುತ್ತದೆ. ಒಂದು ಸಲ ಹಾದು ಬಂದರೂ ನಂಬುವಂತಿಲ್ಲ: ಕೆಲವು ಮೈನ್‌ಗಳಲ್ಲಿ ಎಣಿಸುವ ಸಾಧನವಿದ್ದು, ಮೊದಲ ಕೆಲವು ಹಡಗುಗಳನ್ನು ಸುಮ್ಮನೆ ಬಿಟ್ಟು ಆಮೇಲೆ ಸಿಡಿಯುತ್ತವೆ. ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಲೇಬೇಕು.

ಸೂಳೆಕೆರೆಯಲ್ಲಿ ನಡೆಯದು. ಕೆರೆಯ ಸಿಹಿನೀರು ಸಮುದ್ರದ ನೀರಿಗಿಂತ ಹೆಚ್ಚುಕಡಿಮೆ ನೂರು ಪಟ್ಟು ಕಡಿಮೆ ಕರೆಂಟ್ ಹರಿಯಬಿಡುತ್ತದೆ. ಅಲ್ಲಿ ಎಲೆಕ್ಟ್ರೋಡ್ ಕೈಬಿಟ್ಟು, ಕೇಬಲ್ಲನ್ನೇ ಮುಚ್ಚಿದ ಲೂಪ್ ಮಾಡಿ ಎಳೆಯಬೇಕು.

ಪ್ರಶ್ನೆ: ಈ ಹಡಗುಗಳು ಈಗಲೂ ಇವೆಯೇ?
– ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ಇಲ್ಲ. ಇವಕ್ಕಿಂತ ದೊಡ್ಡದಾಗಿದ್ದ ಕೋಳಿಕ್ಕೋಡ್ 2019ರಲ್ಲಿ ನಿವೃತ್ತವಾದಾಗ ನಮ್ಮ ಕೊನೆಯ ಮೈನ್‌ಸ್ವೀಪರ್ ಕೂಡ ಹೋದಂತಾಯಿತು. ಇಷ್ಟು ಬಂದರುಗಳಿರುವ ದೇಶಕ್ಕೆ ಇದು ಸಣ್ಣ ಕೊರತೆಯಲ್ಲ. 2024ರಲ್ಲಿ ಕೊಚ್ಚಿಯಲ್ಲಿ ನೀರಿಗಿಳಿದ ಹೊಸ ಮಲ್ಪೆ, ಮುಲ್ಕಿಗಳನ್ನು ನೋಡಿ ಗೊಂದಲಪಡಬೇಡಿ. ಅವು ಜಲಾಂತರ್ಗಾಮಿ ಬೇಟೆಗೆ ಕಟ್ಟಿದ ಬೇರೆಯೇ ಹಡಗುಗಳು.