ನಿಸರ್ಗಚಿತ್ರದಲ್ಲಿ ಸಂಯೋಜನೆ, ಸರಳೀಕರಣ ಕಲಿಯುವುದು ಹೇಗೆ?

ಬಣ್ಣ ಮುಟ್ಟುವ ಮೊದಲು ಅಂಗೈಗಿಂತ ಚಿಕ್ಕ ಸ್ಕೆಚ್‌ಗಳನ್ನು ಮಾಡಿ. ಒಂದೇ ದೃಶ್ಯಕ್ಕೆ ನಾಲ್ಕೈದು, ಒಂದೊಂದಕ್ಕೆ 2–3 ನಿಮಿಷ ಸಾಕು. ಕಣ್ಣು ಅರೆಮುಚ್ಚಿ ನೋಡಿದರೆ ಎಲೆ, ಕಲ್ಲುಗಳ ವಿವರ ಮಾಯವಾಗಿ ದೊಡ್ಡ ಆಕಾರಗಳಷ್ಟೇ ಉಳಿಯುತ್ತವೆ. ಅವನ್ನು ಕಪ್ಪು, ಬೂದು, ಬಿಳಿ ಎಂಬ ಮೂರೇ ಛಾಯೆಗಳಲ್ಲಿ ತುಂಬಿ. ಸಾಮಾನ್ಯವಾಗಿ ಆಕಾಶ ಅತಿ ತಿಳಿ, ನೆಲ ಅದಕ್ಕಿಂತ ಗಾಢ, ನೆಟ್ಟಗೆ ನಿಂತ ಮರಗಳು ಇನ್ನೂ ಗಾಢ. ಪಕ್ಕಪಕ್ಕದ ಎರಡು ಆಕಾರಗಳ ಛಾಯೆ ಒಂದೇ ಆಗಿದ್ದರೆ ಗೆರೆ ಎಳೆದು ಬೇರ್ಪಡಿಸಬೇಡಿ, ಒಂದಾಗಿಸಿಬಿಡಿ. ಸರಳೀಕರಣದ ಮುಕ್ಕಾಲು ಕೆಲಸ ಇದೇ.

ದಿಗಂತರೇಖೆ ನಟ್ಟನಡುವೆ ಬಂದರೆ ಚಿತ್ರ ಎರಡು ಹೋಳಾದಂತೆ ಕಾಣುತ್ತದೆ. ಆಕಾಶವೋ ನೆಲವೋ, ಮುಖ್ಯವಾದದ್ದಕ್ಕೆ ಮೂರರಲ್ಲಿ ಎರಡು ಪಾಲು ಕೊಡಿ. ಚೂಪಾದ ಅಂಚು, ನೆರಳು–ಬೆಳಕಿನ ಗಾಢ ವ್ಯತ್ಯಾಸ ನೋಡುಗರ ಕಣ್ಣು ನಿಲ್ಲಬೇಕಾದ ಒಂದೇ ಜಾಗದಲ್ಲಿರಲಿ. ಹೆಚ್ಚಿನವರು ಎಡವುವುದು ಸಣ್ಣ ಕುಂಚವನ್ನು ಬೇಗ ಹಿಡಿದಾಗ: ಎಲ್ಲೆಡೆ ವಿವರ ತುಂಬಿ, ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ.